ಅಂದು ನಾನು ಬಿಟ್ಟ ಪಾಠ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದನು. ಅವನ ಪತ್ನಿಗೆ ಮುಂದಿನ ತಿಂಗಳು ಸಿಸೇರಿಯನ್ ಮಾಡಲು ವೈದ್ಯರು ದಿನ ಗೊತ್ತುಮಾಡಿದ್ದಾರಂತೆ. ಆದರೆ ಈ ಸಂಗತಿಯನ್ನು ಅವನಿನ್ನೂ ಊರಿನಲ್ಲಿ ಯಾರಿಗೂ ತಿಳಿಸಿಲ್ಲ. "ಯಾಕಪ್ಪಾ, ಮುಚ್ಚಿಡುವಂಥದ್ದು ಏನಿದೆ?" ಎಂದು ಕೇಳಿದೆ. "ನಾರ್ಮಲ್ ಯಾಕೆ ಆಗ್ಲಿಲ್ಲ ಅಂತ ಎಲ್ರೂ ಕೇಳ್ತಾರೆ ಸಾರ್. ಅವಳು ಈಗ್ಲೇ ದಿನಾ ಅಳ್ತಾಳೆ" ಎಂದನು. ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿತು. ಅದಕ್ಕಾಗಿಯೇ ಈ ಬರಹ.

ಮೊದಲಿಗೆ ನನ್ನದೊಂದು ತಪ್ಪೊಪ್ಪಿಗೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಬೆಳಕಿನ ವಕ್ರೀಭವನವನ್ನು ಮೂರು ದಿನ ಪಾಠ ಮಾಡುತ್ತಿದ್ದವನು, ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಪಾಠ ಬಂದೊಡನೆ "ಇದು ಸುಲಭವಾಗಿದೆ, ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರು ನಗುತ್ತಿದ್ದರು. ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ನಾನು ಸುಣ್ಣದ ಕಡ್ಡಿ ಕೆಳಗಿಟ್ಟು ಕಿಟಕಿಯ ಹೊರಗೆ ನೋಡುತ್ತಿದ್ದೆ. ನಿಮ್ಮಲ್ಲಿ ಅನೇಕರಿಗೆ ಇದು ನೆನಪಿರಬಹುದು.

ಆ ಪಾಠದ ಪರೀಕ್ಷೆ ನನಗೇ ಎದುರಾದದ್ದು 2023ರಲ್ಲಿ. ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಳು. ಮೂವತ್ತಾರು ವಾರ ಕಳೆದ ಮೇಲೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಮಗು ತಿರುಗಿಲ್ಲವೆಂದು ತಿಳಿಯಿತು. ಅಂದರೆ ತಲೆ ಮೇಲಿದೆ, ಪೃಷ್ಠಭಾಗ ಕೆಳಗಿದೆ. ತಿಂಗಳು ತುಂಬಿದ ನೂರು ಬಸಿರುಗಳಲ್ಲಿ ಮೂರು ನಾಲ್ಕರಲ್ಲಿ ಹೀಗಾಗುತ್ತದೆಯಂತೆ. ಹೊಟ್ಟೆಯ ಮೇಲಿನಿಂದಲೇ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸುವ ವಿಧಾನವೊಂದಿದೆ. ಆದರೆ ಮಗಳಿಗೆ ಗರ್ಭಜಲ ಕಡಿಮೆಯಿದ್ದುದರಿಂದ ಅದು ಬೇಡವೆಂದು ವೈದ್ಯೆ ನಿರ್ಧರಿಸಿದರು. ಮೂವತ್ತೊಂಬತ್ತು ವಾರ ತುಂಬಿದ ಮೇಲೆ ಶಸ್ತ್ರಚಿಕಿತ್ಸೆ ಎಂದು ಗೊತ್ತಾಯಿತು.

ಸುದ್ದಿ ತಿಳಿದೊಡನೆ ಸಲಹೆಗಳ ಮಳೆ ಸುರಿಯಿತು. "ಈಗಿನ ಹುಡುಗಿಯರಿಗೆ ನೋವು ತಿನ್ನುವ ಶಕ್ತಿಯಿಲ್ಲ" ಎಂದರು ಒಬ್ಬರು. "ದುಡ್ಡಿಗಾಗಿ ಕೊಯ್ಯುತ್ತಾರೆ" ಎಂದರು ಇನ್ನೊಬ್ಬರು. ಬೀಗರು ಜೋಯಿಸರನ್ನು ಕೇಳಿ ಹತ್ತು ದಿನ ಮುಂಚಿನ ಒಂದು ಮುಹೂರ್ತವನ್ನು ಚೀಟಿಯಲ್ಲಿ ಬರೆದು ಕಳುಹಿಸಿದರು. ಒಳ್ಳೆಯ ನಕ್ಷತ್ರ, ಶುಭ ಲಗ್ನ. ನಾನು ಸಂಕೋಚದಿಂದಲೇ ಆ ಚೀಟಿಯನ್ನು ವೈದ್ಯೆಯ ಮುಂದಿಟ್ಟೆ. ಅವರು ಸಿಟ್ಟಾಗಲಿಲ್ಲ. "ಮೇಷ್ಟ್ರೇ, ಮೂವತ್ತೊಂಬತ್ತು ವಾರಕ್ಕೆ ಮುಂಚೆ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು. ಒಂದೊಂದು ವಾರವೂ ಅದರ ಶ್ವಾಸಕೋಶಕ್ಕೆ ಬೇಕು. ಕಾರಣವಿಲ್ಲದೆ ನಾನು ಮುಂಚೆ ಮಾಡುವುದಿಲ್ಲ" ಎಂದರು. ಹೆರಿಗೆಯ ನೋವು ಶುರುವಾದಾಗಲೇ ಮಗುವಿನ ಶ್ವಾಸಕೋಶದಲ್ಲಿರುವ ದ್ರವವು ಇಂಗಲಾರಂಭಿಸುತ್ತದೆ; ನೋವಿಲ್ಲದೆ ಮುಂಚಿತವಾಗಿ ಹೊರತೆಗೆದಾಗ ಆ ಕೆಲಸ ಅರ್ಧಕ್ಕೇ ಉಳಿಯುತ್ತದೆ. ವಿಜ್ಞಾನದ ಮೇಷ್ಟರಾದ ನನಗೆ ಇದು ತಿಳಿದಿರಲಿಲ್ಲ. ಮುಹೂರ್ತವನ್ನು ನಂಬುವವರು ನಂಬಲಿ. ಆದರೆ ವೈದ್ಯರು ಸುರಕ್ಷಿತವೆಂದು ಹೇಳಿದ ದಿನಗಳೊಳಗೇ ಹುಡುಕಿಕೊಳ್ಳಲಿ. ಜಾತಕ ಚೆನ್ನಾಗಿರಲೆಂದು ಮಗುವಿನ ಉಸಿರನ್ನು ಪಣಕ್ಕಿಡುವುದು ಯಾವ ಧರ್ಮ?

ಸಿಸೇರಿಯನ್ ಎಂದೊಡನೆ ಜೂಲಿಯಸ್ ಸೀಸರನ ಹೆಸರು ಹೇಳುವುದು ರೂಢಿ. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದುಂಟು. ಅದು ಸರಿಯಲ್ಲ. ಆ ಕಾಲದಲ್ಲಿ ಹೊಟ್ಟೆ ಸೀಳಿಸಿಕೊಂಡ ತಾಯಿ ಬದುಕುಳಿಯುವುದು ಅಸಂಭವವೆನ್ನುವಂತಿತ್ತು. ಸೀಸರನ ತಾಯಿಯಾದರೋ ಮಗ ಪ್ರಾಯಕ್ಕೆ ಬಂದು ಬಹಳ ಕಾಲದವರೆಗೆ ಬದುಕಿದ್ದಳು. ಕತ್ತರಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಈ ಪದ ಬಂದಿರಬೇಕೆಂದು ಹಲವರ ಮತ. ಗರ್ಭಕೋಶವನ್ನು ಕ್ರಮಬದ್ಧವಾಗಿ ಹೊಲಿಯುವ ವಿಧಾನವನ್ನು ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ ಎಂಬ ವೈದ್ಯ 1882ರಲ್ಲಿ ಪ್ರಕಟಿಸಿದ ಮೇಲೆಯೇ ತಾಯಂದಿರು ಬದುಕುವ ಭರವಸೆ ಬಲವಾಯಿತು. ಮುಂದೆ ರಕ್ತ ನೀಡಿಕೆ, ಉತ್ತಮ ಅರಿವಳಿಕೆ, ಪ್ರತಿಜೀವಕ ಔಷಧಿಗಳು ಸೇರಿ ಇದು ಇಂದಿನ ಸುರಕ್ಷಿತ ಸ್ಥಿತಿಗೆ ಬಂದಿದೆ.

ಈ ಭರವಸೆಯ ಬೆಲೆ ನಮ್ಮ ಮನೆಯಲ್ಲಿ ಚೆನ್ನಾಗಿ ತಿಳಿದಿದ್ದುದು ನನ್ನ ತಾಯಿಗೆ. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ದಾದಿಯೊಬ್ಬರು ಬಂದು ಒಡವೆ, ಬಳೆ ಎಲ್ಲವನ್ನೂ ತೆಗೆಯಬೇಕು, ಉಗುರಿನ ಬಣ್ಣವನ್ನೂ ಒರೆಸಬೇಕು ಎಂದರು. ರಕ್ತಸ್ರಾವ ತಡೆಯಲು ಬಳಸುವ ವಿದ್ಯುತ್ ಉಪಕರಣದಿಂದ ಲೋಹ ತಾಗಿದೆಡೆ ಸುಡಬಹುದು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಸಾಧನಕ್ಕೆ ಉಗುರಿನ ಬಣ್ಣ ಅಡ್ಡಿ. ಗಾಜಿನ ಬಳೆ ಒಡೆದರೆ ಗಾಯ. ಆದರೆ ಅವು ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಗಳು. ನನ್ನ ಪತ್ನಿಯ ಮುಖ ಬಾಡಿತು. ಯಾರೂ ಮಾತನಾಡಲಿಲ್ಲ.

ಆಗ ಎಂಬತ್ತಾರರ ನನ್ನ ತಾಯಿ ಎದ್ದು ಬಂದು, ಸಾಬೂನಿನ ನೀರು ತರಿಸಿ, ಮೊಮ್ಮಗಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬಳೆಯನ್ನು ಜಾರಿಸಿ ತೆಗೆದರು. ತೆಗೆಯುತ್ತಲೇ ತಮ್ಮ ಅಕ್ಕನ ಕಥೆ ಹೇಳಿದರು. 1950ರ ದಶಕದ ಮಾತು. ಮಗು ಅಡ್ಡ ನಿಂತಿತ್ತು. ಮೂರು ದಿನ ನೋವು. ಹತ್ತಿರದ ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿ. "ಗಾಡಿ ಕಟ್ಟೋ ಹೊತ್ತಿಗೆ ಅಕ್ಕ ಇರಲಿಲ್ಲ. ಕೈಲಿ ಹಸಿರು ಬಳೆ ಹಂಗೇ ಇದ್ವು" ಎಂದರು. ಆ ಚಿಕ್ಕಂದಿನ ಸಾವಿನ ಕುರಿತು ಅವರು ನನಗೆ ಅದುವರೆಗೆ ಹೇಳಿಯೇ ಇರಲಿಲ್ಲ. ಅಂದಿನಿಂದ "ಹಿಂದೆಲ್ಲ ಮನೆಯಲ್ಲೇ ಸಲೀಸಾಗಿ ಹೆರುತ್ತಿದ್ದರು" ಎಂಬ ಮಾತನ್ನು ಯಾರಾದರೂ ಆಡಿದರೆ ನಾನು ಸುಮ್ಮನಿರುವುದಿಲ್ಲ. ಹೆತ್ತು ಉಳಿದವರು ಕಥೆ ಹೇಳಿದರು; ಉಳಿಯದವರ ಕಥೆಯನ್ನು ಯಾರು ಹೇಳಬೇಕು?

ಆಸ್ಪತ್ರೆಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ವಾರ್ಡಿನ ಹಿರಿಯ ದಾದಿ ನನ್ನನ್ನು ದಿಟ್ಟಿಸಿ ನೋಡಿ, ಕಾಲಿಗೆ ನಮಸ್ಕರಿಸಿದಳು. ನನ್ನ ವಿದ್ಯಾರ್ಥಿನಿ! ನಾನು ನೂರೆಂಟು ಪ್ರಶ್ನೆ ಕೇಳತೊಡಗಿದಾಗ ನಗುತ್ತ, "ಸಾರ್, ಈ ಪಾಠ ಮಾತ್ರ ನೀವು ನಮಗೆ ಮಾಡಿರಲಿಲ್ಲ. ಈಗ ನಾನು ಮಾಡ್ತೀನಿ, ಕೂತ್ಕೊಳ್ಳಿ" ಎಂದಳು. ಅವಳಿಂದಲೂ ವೈದ್ಯೆಯಿಂದಲೂ ನಾನು ಕಲಿತದ್ದನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

ದಿನ ಗೊತ್ತಾದ ಶಸ್ತ್ರಚಿಕಿತ್ಸೆಯ ದೊಡ್ಡ ಅನುಕೂಲವೆಂದರೆ ಸಿದ್ಧತೆಗೆ ಸಿಗುವ ಸಮಯ. ಮೊದಲನೆಯದು ರಕ್ತ. ಗರ್ಭಿಣಿಯ ಹಿಮೋಗ್ಲೋಬಿನ್ ಹನ್ನೊಂದು ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸಿಸೇರಿಯನ್ನಿನಲ್ಲಿ ಸಾಮಾನ್ಯ ಹೆರಿಗೆಗಿಂತ ಹೆಚ್ಚು ರಕ್ತ ಹೋಗುವುದರಿಂದ ಕಬ್ಬಿಣದ ಮಾತ್ರೆಯನ್ನು ಮೊದಲ ತಿಂಗಳುಗಳಿಂದಲೇ ತಪ್ಪಿಸಬಾರದು. ಕೊನೆಯ ವಾರದಲ್ಲಿ ದಾಳಿಂಬೆ ತಿನ್ನಿಸಿ ಪ್ರಯೋಜನವಿಲ್ಲ. ರಕ್ತದ ಗುಂಪು ಹೊಂದಿಸಿ ಇಡುವ ವಿಚಾರವನ್ನು ಮೊದಲೇ ಕೇಳಬೇಕು. ಎರಡನೆಯದು ಉಪವಾಸ. ಸಾಮಾನ್ಯವಾಗಿ ಆರು ಗಂಟೆ ಮುಂಚಿನಿಂದ ಆಹಾರವಿಲ್ಲ, ಎರಡು ಗಂಟೆ ಮುಂಚಿನಿಂದ ನೀರೂ ಇಲ್ಲ. ಕರುಣೆಯಿಂದ ಗುಟ್ಟಾಗಿ ಕಾಫಿ ಕುಡಿಸುವ ಅತ್ತೆ, ದೊಡ್ಡಮ್ಮಂದಿರು ತಿಳಿಯಬೇಕು: ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಮೂರನೆಯದು, ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬಾರದು. ಅದರಿಂದಾಗುವ ಸಣ್ಣ ಗೀರುಗಳೇ ಸೋಂಕಿಗೆ ಬಾಗಿಲು.

ಬೆನ್ನಿಗೆ ಕೊಡುವ ಸೂಜಿಮದ್ದಿನಿಂದ ಜೀವನವಿಡೀ ಬೆನ್ನುನೋವು ಬರುತ್ತದೆಂಬ ಭಯ ಮನೆಮನೆಯಲ್ಲಿದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಬಹುಕಾಲದ ಬೆನ್ನುನೋವಿಗೆ ಬಸಿರಿನಲ್ಲಿ ಸಡಿಲವಾದ ಸ್ನಾಯುಗಳೂ ಬಾಗಿ ಕುಳಿತು ಹಾಲೂಡಿಸುವ ಭಂಗಿಯೂ ಮುಖ್ಯ ಕಾರಣಗಳು. ಈ ಅರಿವಳಿಕೆಯಲ್ಲಿ ತಾಯಿ ಎಚ್ಚರವಾಗಿರುತ್ತಾಳೆ; ಮಗುವಿನ ಮೊದಲ ಅಳುವನ್ನು ತಾನೇ ಕೇಳುತ್ತಾಳೆ. ಸಾಮಾನ್ಯವಾಗಿ ಮೊದಲ ಕೆಲವೇ ನಿಮಿಷಗಳಲ್ಲಿ ಮಗು ಹೊರಬರುತ್ತದೆ. ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುವುದು ಪದರಪದರವಾಗಿ ಹೊಲಿಯುವುದಕ್ಕೆ. "ಸುಲಭದ ಹೆರಿಗೆ" ಎನ್ನುವವರು ಇದನ್ನು ಗಮನಿಸಬೇಕು. ಚರ್ಮ, ಕೊಬ್ಬು, ಗಟ್ಟಿ ಪೊರೆ, ಗರ್ಭಕೋಶ ಇಷ್ಟನ್ನೂ ಕತ್ತರಿಸಿಕೊಂಡು, ಆ ದಿನವೇ ಮಗುವಿಗೆ ಹಾಲೂಡಿಸಲು ಸಿದ್ಧಳಾಗುವವಳಿಗೆ ನೋವು ತಿನ್ನುವ ಶಕ್ತಿಯಿಲ್ಲವೆ?

ಇನ್ನು ಬಾಣಂತನ. ನಮ್ಮ ಬಾಣಂತನದ ಮೂಲ ಆಶಯ ಬಹಳ ದೊಡ್ಡದು: ಹೆತ್ತವಳಿಗೆ ತವರು, ವಿಶ್ರಾಂತಿ, ಬಿಸಿಯೂಟ, ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ. ಇದನ್ನು ಉಳಿಸಿಕೊಳ್ಳೋಣ. ಆದರೆ ಸಿಸೇರಿಯನ್ ಆದವಳಿಗೆ ಕೆಲವು ಪದ್ಧತಿಗಳು ಹಾನಿಕರ. "ನೀರು ಕೊಟ್ಟರೆ ಹೊಟ್ಟೆ ಬರುತ್ತದೆ" ಎಂದು ನೀರು ತಡೆದರೆ ಮಲಬದ್ಧತೆಯಾಗುತ್ತದೆ. ಹೊಲಿಗೆಯಿರುವ ಹೊಟ್ಟೆಯಿಂದ ಮುಕ್ಕುವುದು ಎಂಥ ಯಾತನೆ! "ನಂಜಾಗುತ್ತದೆ" ಎಂದು ತರಕಾರಿ, ಹಣ್ಣು, ಬೇಳೆ ಬಿಡಿಸಿ ಬರೀ ಅನ್ನ, ಮೆಣಸಿನ ಸಾರು ಹಾಕಿದರೆ ಗಾಯ ಮಾಯಲು ಬೇಕಾದ ಪೋಷಕಾಂಶ ಎಲ್ಲಿಂದ ಬರಬೇಕು? ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ರಾಗಿ ಇರಲಿ. ಅದರೊಡನೆ ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆಯೂ ಇರಲಿ. ಗಾಯದ ಮೇಲೆ ಎಣ್ಣೆ ತಿಕ್ಕುವುದು, ಹಂಡೆಯ ಸುಡುನೀರು ಎರಚುವುದು, ಹಳೆ ಸೀರೆಯಿಂದ ಹೊಟ್ಟೆಯನ್ನು ಬಿಗಿದು ಕಟ್ಟುವುದು ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಮಗುವಿನ ಎಳೆಯ ಶ್ವಾಸಕೋಶಕ್ಕೆ ವಿಷ.

ಎಲ್ಲಕ್ಕಿಂತ ಮುಖ್ಯವಾದುದು ನಡಿಗೆ. "ಕೊಯ್ದ ಹೊಟ್ಟೆ, ಅಲುಗಾಡಬೇಡ" ಎಂಬುದು ನಮ್ಮ ಪ್ರೀತಿಯ ಮಾತು. ಆದರೆ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಅದು ಶ್ವಾಸಕೋಶಕ್ಕೆ ಹರಿದರೆ ಜೀವಕ್ಕೇ ಸಂಚಕಾರ. ಆದುದರಿಂದಲೇ ಒಂದು ದಿನದೊಳಗೆ ಎಬ್ಬಿಸಿ ನಡೆಸುತ್ತಾರೆ. ನನ್ನ ವಿದ್ಯಾರ್ಥಿನಿ ಮಗಳಿಗೆ ಹೇಳಿಕೊಟ್ಟ ಉಪಾಯ ಸರಳ: ನೇರವಾಗಿ ಏಳದೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ ಏಳಬೇಕು, ಕೆಮ್ಮುವಾಗ, ನಗುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು, ಪಕ್ಕಕ್ಕೆ ಮಲಗಿ ಹಾಲೂಡಿಸಿದರೆ ಹೊಲಿಗೆಯ ಮೇಲೆ ಭಾರ ಬೀಳದು. ಆರು ವಾರ ಮಗುವಿಗಿಂತ ಭಾರವಾದುದನ್ನು ಎತ್ತಬಾರದು. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ ತೆಗೆದುಕೊಳ್ಳಬೇಕು. ನೋವು ಹತೋಟಿಯಲ್ಲಿದ್ದರೆ ತಾನೇ ನಡೆಯುವುದು, ಹಾಲೂಡಿಸುವುದು? ಆಪರೇಷನ್ ಆದವಳಿಗೂ ಮೊದಲ ಗಂಟೆಯಲ್ಲೇ ಹಾಲೂಡಿಸಲು ಸಾಧ್ಯವಿದೆ. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವುದು ಬೇಡ.

ಜ್ವರ, ಗಾಯದಲ್ಲಿ ಕೀವು, ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, ಏದುಸಿರು, ಕಣ್ಣು ಮಂಜಾಗುವಂಥ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವನ್ನು ಮುಟ್ಟಲು ಮನಸ್ಸಿಲ್ಲದಿದ್ದರೆ ಅದೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆಯಿದೆ. "ಕೊಬ್ಬು" ಎಂದು ಬೈಯಬೇಡಿ.

ಹಾಗೆಂದು ಎಲ್ಲ ಸಿಸೇರಿಯನ್ನುಗಳೂ ಅಗತ್ಯವೆಂದು ನಾನು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇಕಡ 21.5ರಷ್ಟು ಹೆರಿಗೆಗಳು ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಶೇಕಡ 14.3, ಖಾಸಗಿಯಲ್ಲಿ ಶೇಕಡ 47.4. ಈ ಅಂತರವನ್ನು ತಾಯಂದಿರ ದೇಹಸ್ಥಿತಿಯೊಂದೇ ವಿವರಿಸಲಾರದು. ಪ್ರತಿ ಸಿಸೇರಿಯನ್ ಮುಂದಿನ ಬಸಿರಿನಲ್ಲಿ ಮಾಸು ಗರ್ಭಕೋಶಕ್ಕೆ ಅಂಟಿಕೊಳ್ಳುವ ಅಪಾಯವನ್ನು ಹೆಚ್ಚಿಸುತ್ತದೆ. ಆದುದರಿಂದ "ಕಾರಣವೇನು? ಬೇರೆ ದಾರಿಯಿದೆಯೆ? ಮುಂದಿನ ಬಾರಿ ಸಹಜ ಹೆರಿಗೆ ಸಾಧ್ಯವೆ?" ಎಂದು ವೈದ್ಯರನ್ನು ಕೇಳುವುದು ನಮ್ಮ ಹಕ್ಕು. ಆದರೆ ಆ ಪ್ರಶ್ನೆಯನ್ನು ಕೇಳಬೇಕಾದುದು ವೈದ್ಯರ ಕೊಠಡಿಯಲ್ಲಿ, ಹೆರಿಗೆಗೆ ಮುಂಚೆ. ತೊಟ್ಟಿಲ ಪಕ್ಕದಲ್ಲಿ ನಿಂತು, ಬಾಣಂತಿಯ ಮುಖ ನೋಡಿಕೊಂಡು ಅಲ್ಲ.

ನನ್ನ ಮಗಳ ವಿಷಯಕ್ಕೆ ಬಂದರೆ, ಮೊದಲ ವಾರ ಬಂದವರೆಲ್ಲ ಬಾಗಿಲಲ್ಲೇ ಕೇಳುತ್ತಿದ್ದುದು "ನಾರ್ಮಲ್ಲಾ, ಸಿಸೇರಿಯನ್ನಾ?" ಎಂದು. ಅವಳು ತಲೆ ತಗ್ಗಿಸಿ ಉತ್ತರಿಸುತ್ತಿದ್ದಳು. ಅಂದು ನನ್ನ ತರಗತಿಯ ಹುಡುಗಿಯರು ತಗ್ಗಿಸುತ್ತಿದ್ದಂತೆಯೇ. ಎಂಟನೆಯ ದಿನ ನಾನೇ ಹೊರಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಬಂದವರಿಗೆ ಮೊದಲೇ ಹೇಳಿಬಿಡುತ್ತಿದ್ದೆ: "ಮಗು ತಿರುಗಿರಲಿಲ್ಲ, ಆಪರೇಷನ್ ಆಯಿತು, ಇಬ್ಬರೂ ಕ್ಷೇಮ. ಒಳಗೆ ಹೋಗಿ ಅವಳ ಊಟವಾಯಿತೇ ಎಂದು ಕೇಳಿ."

ದೂರವಾಣಿ ಮಾಡಿದ ಆ ವಿದ್ಯಾರ್ಥಿಗೂ ನನ್ನ ಮಾತು ಇಷ್ಟೇ. ಊರಿನವರಿಗೆ ನೀನೇ ತಿಳಿಸಪ್ಪಾ. ಆ ಹೊರೆಯನ್ನು ನಿನ್ನ ಹೆಂಡತಿಯ ಮೇಲೆ ಬಿಡಬೇಡ. ಆರು ವಾರ ರಾತ್ರಿ ಮಗುವಿನ ಬಟ್ಟೆ ಬದಲಿಸುವ, ಅವಳ ಕೈಗೆ ನೀರಿನ ಲೋಟ ಕೊಡುವ ಕೆಲಸ ನಿನ್ನದು. ಅಂದು ನಾನು ಪುಟ ಮಗುಚಿ ಬಿಟ್ಟ ಪಾಠವನ್ನು ಈಗಲಾದರೂ ಓದಿಕೋ. ಪ್ರಶ್ನೆಗಳಿದ್ದರೆ ಸಂಕೋಚಪಡದೆ ಕೇಳು. ಈ ಬಾರಿ ನಾನು ಕಿಟಕಿಯ ಹೊರಗೆ ನೋಡುವುದಿಲ್ಲ.