ಕ್ರೋಧಕ್ಕೆ ಸಿಂಹಾಸನ ಕೊಟ್ಟವರಾರು?

ಒಂದು ಸಮಾಜವು ತನ್ನ ಆರಾಧ್ಯರನ್ನು ಹೇಗೆ ಚಿತ್ರಿಸಿಕೊಳ್ಳುತ್ತದೆ ಎಂಬುದರಿಂದ ಅದರ ಆದರ್ಶ ತಿಳಿಯುತ್ತದೆ. ತನ್ನ ಪಿಶಾಚಿಗಳನ್ನು ಹೇಗೆ ಚಿತ್ರಿಸಿಕೊಳ್ಳುತ್ತದೆ ಎಂಬುದರಿಂದ ಅದರ ಆತ್ಮಪರೀಕ್ಷೆಯ ಆಳ ತಿಳಿಯುತ್ತದೆ. ಈ ಮಾತು ಪುರಾಣಗಳಿಗೆ ಮಾತ್ರವಲ್ಲ, ಇಂದಿನ ಆಟಗಳಿಗೂ ಸಲ್ಲುತ್ತದೆ. ಅಂತರಿಕ್ಷನೌಕೆಯೂ ಮಂತ್ರವಿದ್ಯೆಯೂ, ಯಂತ್ರವೂ ಭೂತವೂ ಒಂದೇ ಕಥೆಯಲ್ಲಿ ಬೆರೆತಿರುವ ಆಟಗಳಲ್ಲಿ ಕತ್ತಲೆಯ ದೇವತೆಗಳಿಗೆ ಬಹು ದೊಡ್ಡ ಸ್ಥಾನವಿದೆ. ಮನೆಯ ಹಿರಿಯರು ಪೆಟ್ಟಿಗೆಯ ಮೇಲಿನ ಕೊಂಬು, ಕೋರೆಹಲ್ಲು, ತಲೆಬುರುಡೆಗಳನ್ನು ಕಂಡು ‘ಇದು ಪೈಶಾಚಿಕ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆಡುವ ಮಕ್ಕಳು ‘ಇದು ಬರೀ ಆಟ’ ಎಂದು ಉತ್ತರಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. ಎರಡೂ ವಿಚಾರಶೂನ್ಯವಾದ ಮಾತುಗಳೇ. ಕೊಂಬನ್ನು ಎಣಿಸಿದವನು ಗುಣವನ್ನು ನೋಡಲಿಲ್ಲ. ಆಟವೆಂದು ತಳ್ಳಿಹಾಕಿದವನು ಅದು ತನ್ನೊಳಗೆ ಏನನ್ನು ಬಿಟ್ಟುಹೋಗುತ್ತದೆಂದು ನೋಡಲಿಲ್ಲ.

ಉದಾಹರಣೆಗೆ ‘ವಾರ್‌ಹ್ಯಾಮರ್ 40,000’ ಎಂಬ ಆಟವನ್ನು ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ನೆಲೆಗೊಂಡಿರುವ ಗೇಮ್ಸ್ ವರ್ಕ್‌ಷಾಪ್ ಸಂಸ್ಥೆಯು ಇದನ್ನು 1987ರಲ್ಲಿ ಪ್ರಕಟಿಸಿತು. ರಿಕ್ ಪ್ರೀಸ್ಟ್ಲಿ ಇದರ ಕರ್ತೃ. ಪುಟ್ಟ ಬೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಸೈನ್ಯವಾಗಿ ನಿಲ್ಲಿಸಿ, ದಾಳ ಉರುಳಿಸಿ ಆಡುವ ಆಟವಿದು. ಮುಂದೆ ಇದರಿಂದ ನೂರಾರು ಕಾದಂಬರಿಗಳೂ ಕಂಪ್ಯೂಟರ್ ಆಟಗಳೂ ಹುಟ್ಟಿದವು. 2024ರ ಡಿಸೆಂಬರಿನಲ್ಲಿ ಈ ಸಂಸ್ಥೆ ಲಂಡನ್ ಷೇರುಪೇಟೆಯ ಅಗ್ರ 100 ಕಂಪನಿಗಳ ಪಟ್ಟಿಯನ್ನು ಸೇರಿತು. ಆದ್ದರಿಂದ ಇದನ್ನು ನಾಲ್ಕು ಹುಡುಗರ ಹುಚ್ಚಾಟವೆಂದು ಕಡೆಗಣಿಸುವಂತಿಲ್ಲ.

ಈ ಆಟದ ಕತ್ತಲೆಯ ದೇವತೆಗಳು ನಾಲ್ವರು. ಇವರ ಸ್ವಭಾವಗಳನ್ನು 1988 ಮತ್ತು 1990ರಲ್ಲಿ ಹೊರಬಂದ ಎರಡು ಬೃಹತ್ ಗ್ರಂಥಗಳು ವಿಸ್ತಾರವಾಗಿ ನಿರೂಪಿಸಿದವು. ಕೇಡಿನ ಪಕ್ಷಕ್ಕೆ ‘ಕೇಯಾಸ್’, ಅಂದರೆ ಅವ್ಯವಸ್ಥೆ, ಎಂದು ಹೆಸರು. ಈ ಕಲ್ಪನೆಗೂ ಅದರ ಎಂಟು ಬಾಣಗಳ ಲಾಂಛನಕ್ಕೂ ಮೂಲ ಇಂಗ್ಲಿಷ್ ಕಾದಂಬರಿಕಾರ ಮೈಕೆಲ್ ಮೂರ್‌ಕಾಕ್. 1961ರಲ್ಲಿ ಆರಂಭವಾದ ಆತನ ಎಲ್ರಿಕ್ ಕಥೆಗಳಲ್ಲಿ ವ್ಯವಸ್ಥೆ ಮತ್ತು ಅವ್ಯವಸ್ಥೆ ಎಂಬ ಎರಡು ಶಕ್ತಿಗಳು ಕಾದಾಡುತ್ತವೆ. ಆದರೆ ಅಲ್ಲಿ ವ್ಯವಸ್ಥೆಯೇ ಒಳಿತು, ಅವ್ಯವಸ್ಥೆಯೇ ಕೆಡುಕು ಎಂಬ ಸರಳ ಲೆಕ್ಕವಿಲ್ಲ. ಯಾವುದು ಅತಿಯಾದರೂ ಜಗತ್ತಿಗೆ ಹಾನಿ, ಇವೆರಡರ ತಕ್ಕಡಿಯ ಸಮತೋಲವೇ ಜಗತ್ತನ್ನು ಕಾಯುವುದು ಎಂಬುದು ಆತನ ಕಥೆಗಳ ನಿಲುವು. ಆಟವು ಲಾಂಛನವನ್ನು ಉಳಿಸಿಕೊಂಡಿತು, ತಕ್ಕಡಿಯನ್ನು ಕೈಬಿಟ್ಟಿತು.

ಮೊದಲನೆಯವನು ಖೋರ್ನ್. ಕ್ರೋಧವೇ ಇವನ ಶರೀರ. ತಲೆಬುರುಡೆಗಳ ಬೆಟ್ಟದ ಮೇಲೆ ಹಿತ್ತಾಳೆಯ ಸಿಂಹಾಸನದಲ್ಲಿ ಕುಳಿತಿರುತ್ತಾನೆ. ರಕ್ತ ಹರಿದರೆ ಸಾಕು. ಅದು ಶತ್ರುವಿನದೋ ತನ್ನ ಭಕ್ತನದೋ ಎಂಬ ಚಿಂತೆ ಇವನಿಗಿಲ್ಲ. ಕೋಪಕ್ಕೆ ಇದಕ್ಕಿಂತ ನಿಖರವಾದ ಲಕ್ಷಣವನ್ನು ಯಾರು ಹೇಳಿಯಾರು? ಎರಡನೆಯವನು ಟ್ಜೀಂಚ್: ಬದಲಾವಣೆ, ಮಾಂತ್ರಿಕವಿದ್ಯೆ, ಕಪಟಗಳ ಅಧಿದೇವತೆ. ಇವನ ತಂತ್ರಗಳು ಒಂದನ್ನೊಂದು ಕತ್ತರಿಸುತ್ತಿರುತ್ತವೆ. ಗೆಲುವಿಗಿಂತ ಹೂಡಿಕೆಯೇ ಇವನಿಗೆ ಪ್ರಿಯ. ಮೂರನೆಯದು ಸ್ಲಾನೆಷ್, ಭೋಗದ ಅತಿರೇಕದ ದೇವತೆ. ಎಲ್ಡಾರ್ ಎಂಬ ಸುಸಂಸ್ಕೃತ, ಚಿರಾಯು ಜನಾಂಗವು ಸುಖಲೋಲುಪತೆಯಲ್ಲಿ ಮುಳುಗಿದಾಗ ಆ ಲೋಲುಪತೆಯೇ ಘನೀಭವಿಸಿ ಸ್ಲಾನೆಷ್ ಆಗಿ ಹುಟ್ಟಿತು. ಹುಟ್ಟಿದ ಗಳಿಗೆಯಲ್ಲೇ ತನ್ನನ್ನು ಹಡೆದ ಆ ಜನಾಂಗವನ್ನು ನುಂಗಿತು.

ನಾಲ್ಕನೆಯವನಾದ ನರ್ಗಲ್ ವಿಚಾರಕ್ಕೆ ಹೆಚ್ಚು ಆಹಾರ ಒದಗಿಸುವವನು. ರೋಗ, ಕೊಳೆತ, ಹತಾಶೆಗಳ ಒಡೆಯನಾದರೂ ಇವನ ಮುಖದಲ್ಲಿ ಸಿಡುಕಿಲ್ಲ. ಭಕ್ತರು ಇವನನ್ನು ಅಜ್ಜನೆಂದು ಕರೆಯುತ್ತಾರೆ. ಇವನು ನಗುತ್ತಾನೆ, ಅಕ್ಕರೆ ತೋರುತ್ತಾನೆ, ಕೈತುಂಬ ಕೊಡುತ್ತಾನೆ. ಕೊಡುವುದು ಮಾತ್ರ ವ್ಯಾಧಿಯನ್ನು. ನೋವು ತಾಳಲಾರದೆ ‘ಇನ್ನು ಸಾಕು’ ಎಂದವನನ್ನು ಅಪ್ಪಿಕೊಳ್ಳುತ್ತಾನೆ, ನೋವಿನ ಅರಿವನ್ನು ತೆಗೆದುಬಿಡುತ್ತಾನೆ, ರೋಗವನ್ನು ಉಳಿಸುತ್ತಾನೆ. ಎಲ್ಡಾರರ ಇಷಾ ಎಂಬ ಆರೋಗ್ಯದೇವತೆಯನ್ನು ಇವನು ತನ್ನ ತೋಟದಲ್ಲಿ ಸೆರೆಯಲ್ಲಿಟ್ಟು ಹೊಸ ವ್ಯಾಧಿಗಳನ್ನು ಅವಳ ಮೇಲೆಯೇ ಪ್ರಯೋಗಿಸುತ್ತಾನೆ. ಅವಳು ಆ ಸೆರೆಯಿಂದಲೇ ಮರ್ತ್ಯರಿಗೆ ಮದ್ದನ್ನು ಪಿಸುಗುಟ್ಟುತ್ತಾಳೆ ಎಂದು ಕಥೆ. ಕೇಡು ಯಾವಾಗಲೂ ಗರ್ಜಿಸುತ್ತ ಬರುವುದಿಲ್ಲ, ಕೆಲವೊಮ್ಮೆ ತಲೆ ನೇವರಿಸುತ್ತಲೂ ಬರುತ್ತದೆ ಎಂಬ ಸತ್ಯವನ್ನು ಈ ಪಾತ್ರ ಹೇಳುವಷ್ಟು ಸ್ಪಷ್ಟವಾಗಿ ಅನೇಕ ನೀತಿಬೋಧೆಗಳು ಹೇಳಲಾರವು.

ಇಲ್ಲಿ ಒಪ್ಪಿಕೊಳ್ಳಬೇಕಾದ ಒಂದು ಸಂಗತಿಯಿದೆ. ಈ ದೇವತೆಗಳು ಜಗತ್ತನ್ನು ಸೃಷ್ಟಿಸಿದವರಲ್ಲ; ಜೀವಿಗಳ ಮನೋವಿಕಾರಗಳಿಂದ ಸೃಷ್ಟಿಯಾದವರು. ‘ವಾರ್ಪ್’ ಎಂಬ ಅಗೋಚರ ಲೋಕದಲ್ಲಿ ಪ್ರತಿಯೊಂದು ಕೋಪವೂ ಆಸೆಯೂ ಭಯವೂ ಅಲೆಯೆಬ್ಬಿಸುತ್ತದೆ. ಕೋಟ್ಯನುಕೋಟಿ ಜೀವಿಗಳ ಅಲೆಗಳು ಸೇರಿ ಸುಳಿಯಾಗಿ, ಸುಳಿಗೆ ಪ್ರಜ್ಞೆ ಬಂದು ದೇವತೆಯಾಗುತ್ತದೆ. ಕ್ರೋಧಕ್ಕೆ ಸಿಂಹಾಸನ ಕೊಟ್ಟವನು ಕ್ರೋಧಗೊಂಡ ಜೀವಿಯೇ! ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳ ಹೆಸರನ್ನು ಬಾಲ್ಯದಿಂದ ಕೇಳಿ ಬೆಳೆದ ಮನೆಗಳಿಗೆ ಈ ಚಿತ್ರ ಅಪರಿಚಿತವೇನಲ್ಲ. ಕೊಂಬು ಕಂಡು ಪೆಟ್ಟಿಗೆಯನ್ನು ಹೊರಗೆಸೆಯುವವರು ಇಷ್ಟನ್ನಾದರೂ ತಿಳಿದು ಎಸೆಯಬೇಕು.

ಪತನದ ಕಥೆಗಳಲ್ಲಿಯೂ ಹುರುಳಿದೆ. ಮನುಕುಲದ ಚಕ್ರವರ್ತಿಗೆ ಮಹಾವೀರ್ಯವಂತರಾದ ಪುತ್ರರಿರುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿ ಕತ್ತಲೆಯ ಪಕ್ಷಕ್ಕೆ ಸೇರುತ್ತಾರೆ. ಫುಲ್‌ಗ್ರಿಮ್ ಪರಿಪೂರ್ಣತೆಯನ್ನು ಬಯಸಿದವನು. ಆ ಬಯಕೆಯೇ ಅವನನ್ನು ಸ್ಲಾನೆಷ್‌ನ ಬಲೆಗೆ ತಳ್ಳಿತು. ಮ್ಯಾಗ್ನಸ್ ಜ್ಞಾನಪಿಪಾಸು, ತಂದೆಗೆ ಅಪಾಯದ ಮುನ್ಸೂಚನೆ ಕೊಡಲು ಹೋಗಿ ತಂದೆಯ ರಕ್ಷಾಕವಚವನ್ನೇ ಒಡೆದನು. ಮಾರ್ಟೇರಿಯನ್ ಎಂಥ ಯಾತನೆಯನ್ನೂ ಸಹಿಸಬಲ್ಲೆನೆಂದು ಹೆಮ್ಮೆಪಟ್ಟವನು. ವ್ಯಾಧಿಪೀಡಿತ ಸೈನಿಕರ ನರಳಾಟದ ಮುಂದೆ ಸೋತು ನರ್ಗಲ್‌ಗೆ ಶರಣಾದನು. ಆಂಗ್ರಾನ್ ಬಾಲ್ಯದಿಂದ ಗುಲಾಮ. ಒಡೆಯರು ಅವನ ಮಿದುಳಿಗೆ ಸದಾ ಕೋಪ ಉಕ್ಕಿಸುವ ಯಂತ್ರವನ್ನು ನೆಟ್ಟಿದ್ದರು. ಈ ನಾಲ್ವರಲ್ಲಿ ಮೂವರು ತಮ್ಮ ದುರ್ಗುಣದ ದಾರಿಯಿಂದಲ್ಲ, ಮಿತಿಯರಿಯದ ಸದ್ಗುಣದ ದಾರಿಯಿಂದಲೇ ಬಿದ್ದರು. ಸದ್ಗುಣಕ್ಕೂ ಕಾವಲು ಬೇಕೆಂಬುದನ್ನು ಕಲಿಸುವ ಈ ಕಥೆಯನ್ನು ಕೆಟ್ಟ ಕಥೆ ಎನ್ನುವುದು ಹೇಗೆ?

ಹಾಗಾದರೆ ಆಕ್ಷೇಪವೇನು? ಆಕ್ಷೇಪ ಪಿಶಾಚಿಗಳ ಇರುವಿಕೆಯ ಬಗ್ಗೆ ಅಲ್ಲ. ಆ ಬಗೆಯ ಆಕ್ಷೇಪದ ಗತಿ ಏನಾಯಿತೆಂಬುದನ್ನು ಅಮೆರಿಕದ ಇತಿಹಾಸ ತೋರಿಸಿದೆ. 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ವಿರುದ್ಧ 1980ರ ದಶಕದಲ್ಲಿ ಅಲ್ಲಿನ ಧಾರ್ಮಿಕ ಗುಂಪುಗಳು ದೊಡ್ಡ ಗದ್ದಲವೆಬ್ಬಿಸಿದವು. ಪ್ರಕಾಶಕರು 1989ರ ಎರಡನೆಯ ಆವೃತ್ತಿಯಲ್ಲಿ ಡೀಮನ್, ಡೆವಿಲ್ ಎಂಬ ಪದಗಳನ್ನೇ ಅಳಿಸಿದರು. ಸ್ವಲ್ಪ ಕಾಲದಲ್ಲೇ ಅವೇ ಪಿಶಾಚಿಗಳು ‘ಟನಾರಿ’, ‘ಬಾಟೆಜು’ ಎಂಬ ಕಲ್ಪಿತ ನಾಮಧೇಯಗಳೊಡನೆ ಮರಳಿದವು; 2000ದ ಮೂರನೆಯ ಆವೃತ್ತಿಯಲ್ಲಿ ಹಳೆಯ ಹೆಸರುಗಳೂ ಮರಳಿದವು. ಹೆಸರು ಹೋಯಿತು, ಗುಣ ಉಳಿಯಿತು, ಕಡೆಗೆ ಹೆಸರೂ ಬಂದಿತು. ಹೆಸರಿನ ಮೇಲೆ ಹೂಡಿದ ಹೋರಾಟದ ಫಲವಿಷ್ಟೇ.

ನಿಜವಾದ ಮೊದಲ ಆಕ್ಷೇಪವಿದು: ಈ ಕತ್ತಲೆಯ ಲೋಕದಲ್ಲಿ ಮರಳುವ ದಾರಿಯಿಲ್ಲ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ 1977ರ ಜೀವಿಕೋಶದಲ್ಲಿ ಭಾರತದಿಂದ ಎರವಲು ಪಡೆದ ‘ರಾಕ್ಷಸ’ ಎಂಬ ಜೀವಿಯಿದೆ. ಹುಲಿಯ ತಲೆ, ಮಾಂಸಭಕ್ಷಣೆ, ರೂಪ ಬದಲಿಸುವ ಮಾಯೆ, ಜೊತೆಗೆ ‘ದುಷ್ಟ’ ಎಂಬ ಅಚ್ಚೊತ್ತಿದ ಶೀಲ. ಅದು ದುಷ್ಟವಾಗಿ ಹುಟ್ಟುತ್ತದೆ, ದುಷ್ಟವಾಗಿ ಸಾಯುತ್ತದೆ. ಕನ್ನಡ ನಾಡಿನ ಜೈನ ಕವಿ ನಾಗಚಂದ್ರನು ಸುಮಾರು 1100ರ ಹೊತ್ತಿಗೆ ‘ರಾಮಚಂದ್ರಚರಿತಪುರಾಣ’ವನ್ನು ರಚಿಸಿದಾಗ ರಾಕ್ಷಸ ಎಂಬುದು ಅವನಿಗೆ ಕೋರೆಹಲ್ಲಿನ ಜಾತಿಯಾಗಿರಲಿಲ್ಲ, ಒಂದು ರಾಜವಂಶದ ಹೆಸರಾಗಿತ್ತು. ಅವನ ರಾವಣನು ಒಪ್ಪದ ಸ್ತ್ರೀಯನ್ನು ಮುಟ್ಟೆನೆಂಬ ವ್ರತವುಳ್ಳವನು. ತನ್ನ ಮಾತಿಗೆ ಸೀತೆ ಮೂರ್ಛಿತಳಾದುದನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಅವಳನ್ನು ಒಪ್ಪಿಸಲು ನಿರ್ಧರಿಸುತ್ತಾನೆ. ಆದರೆ ಯುದ್ಧದಲ್ಲಿ ಗೆದ್ದ ಬಳಿಕವೇ ಒಪ್ಪಿಸುವೆನೆಂಬ ಅಭಿಮಾನ ಅವನನ್ನು ಕೆಡಿಸುತ್ತದೆ. ಆ ಗಳಿಗೆಯಲ್ಲಿ ಅವನು ತಿರುಗಬಲ್ಲವನಾಗಿದ್ದ, ಆದ್ದರಿಂದಲೇ ಓದುಗನ ಎದೆ ಕಲಕುತ್ತದೆ. ತಿರುಗಲಾರದ ರಾಕ್ಷಸನ ಸಾವಿನಲ್ಲಿ ಏನು ಕಲಿಯುವುದಿದೆ?

ವಾರ್‌ಹ್ಯಾಮರ್ ಲೋಕದಲ್ಲಿ ಪಶ್ಚಾತ್ತಾಪದ ಗತಿಯನ್ನು ನೋಡಬೇಕು. ಅಲ್ಲಿ ‘ಡಾರ್ಕ್ ಏಂಜಲ್ಸ್’ ಎಂಬ ಯೋಧಪಂಥವಿದೆ. ಹಿಂದೊಮ್ಮೆ ದ್ರೋಹವೆಸಗಿದ ತಮ್ಮದೇ ಸಹೋದರರನ್ನು ಇವರು ಸಹಸ್ರಾರು ವರ್ಷ ಗುಟ್ಟಾಗಿ ಬೇಟೆಯಾಡುತ್ತಾರೆ. ಸಿಕ್ಕವನನ್ನು ಸೆರೆಮನೆಗೆ ತಂದು ಚಿತ್ರಹಿಂಸೆ ಕೊಟ್ಟು ಪಶ್ಚಾತ್ತಾಪಪಡಿಸುತ್ತಾರೆ. ಪಶ್ಚಾತ್ತಾಪಪಟ್ಟವನಿಗೆ ದೊರಕುವ ಕೃಪೆ ಬೇಗನೆ ಸಾಯುವುದು! ಸುಧಾರಣೆಗೆ ಅವಕಾಶ ಕೊಟ್ಟರೆ ಕಾಳಗ ಮುಗಿಯುತ್ತದೆ. ಕಾಳಗ ಮುಗಿದರೆ ಬೊಂಬೆಯ ಸೈನ್ಯಕ್ಕೆ ಕೆಲಸವಿಲ್ಲ. ಮುಗಿಯಬಾರದ ಯುದ್ಧವನ್ನೇ ನೆಚ್ಚಿದ ವ್ಯಾಪಾರಕ್ಕೆ ಕ್ಷಮೆ ಎಂಬುದು ನಷ್ಟದ ಬಾಬತ್ತು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ಈ ನಾಲ್ವರನ್ನು ಎದುರಿಸಿ ನಿಂತಿರುವ ‘ಒಳ್ಳೆಯ’ ಪಕ್ಷ ಯಾವುದು? ಮನುಷ್ಯರ ಸಾಮ್ರಾಜ್ಯ. ಅದರ ಚಕ್ರವರ್ತಿ ತನ್ನನ್ನು ದೇವರೆಂದು ಪೂಜಿಸಕೂಡದೆಂದು ವಿಧಿಸಿದ್ದವನು. ಈಗ ಹತ್ತು ಸಹಸ್ರ ವರ್ಷಗಳಿಂದ ಅವನು ಸುವರ್ಣಪೀಠದ ಮೇಲೆ ಜೀವಚ್ಛವವಾಗಿದ್ದಾನೆ. ಅವನನ್ನು ದೇವರೆಂದು ಪೂಜಿಸದವರಿಗೆ ಮರಣದಂಡನೆ. ಮನಶ್ಶಕ್ತಿಯುಳ್ಳ ಸಾವಿರ ಮಂದಿಯನ್ನು ಪ್ರತಿದಿನವೂ ಅವನಿಗಾಗಿ ಬಲಿಕೊಡಲಾಗುತ್ತದೆ. ಸಂಶಯಕ್ಕೆ ಶಿಕ್ಷೆ, ಅನ್ಯರ ದ್ವೇಷವೇ ಧರ್ಮ. ಇಂಥ ಪಕ್ಷಕ್ಕೂ ಖೋರ್ನ್‌ನ ಸಿಂಹಾಸನಕ್ಕೂ ಅಂತರವೆಷ್ಟು? ಖೋರ್ನ್ ತನ್ನ ಹಸಿವನ್ನು ರಕ್ತವೆಂದೇ ಕರೆಯುತ್ತಾನೆ. ಸಾಮ್ರಾಜ್ಯವು ಅದನ್ನು ಕರ್ತವ್ಯವೆಂದು ಕರೆಯುತ್ತದೆ.

ಇದು ವಿಡಂಬನೆ, ನಿರಂಕುಶ ಪ್ರಭುತ್ವದ ಅಣಕ ಎಂದು ಕರ್ತೃಗಳು ಹೇಳುತ್ತಾರೆ. ಅದು ಸುಳ್ಳಲ್ಲ, 1987ರ ಮೂಲಗ್ರಂಥವೇ ಈ ಆಳ್ವಿಕೆಯನ್ನು ಅತ್ಯಂತ ಕ್ರೂರವೆಂದು ಬಣ್ಣಿಸಿದೆ. ಆದರೆ ಅಣಕವು ಎಲ್ಲರಿಗೂ ತಿಳಿಯಿತೇ? ಸ್ಪೇನ್ ದೇಶದ ಒಂದು ಪಂದ್ಯಾವಳಿಗೆ ಸ್ಪರ್ಧಿಯೊಬ್ಬ ನಾಜಿ ಚಿಹ್ನೆಗಳನ್ನು ಧರಿಸಿ ಬಂದ ಪ್ರಕರಣದ ನಂತರ, 2021ರ ನವೆಂಬರಿನಲ್ಲಿ ಗೇಮ್ಸ್ ವರ್ಕ್‌ಷಾಪ್ ಬಹಿರಂಗ ಪ್ರಕಟಣೆ ಹೊರಡಿಸಬೇಕಾಯಿತು: ಸಾಮ್ರಾಜ್ಯವು ದ್ವೇಷದಿಂದ ನಡೆಯುವುದಾದರೂ ಆಟವು ಹಾಗಲ್ಲ, ಅದು ವಿಡಂಬನೆ, ದ್ವೇಷ ಹರಡುವವರಿಗೆ ಇಲ್ಲಿ ಸ್ಥಳವಿಲ್ಲ ಎಂದು. ಪ್ರಕಟಣೆ ಶ್ಲಾಘ್ಯವೇ ಸರಿ. ಆದರೆ ಅಣಕವನ್ನು ಅಣಕವೆಂದು 34 ವರ್ಷಗಳ ಮೇಲೆ ಸಾರಿ ಹೇಳಬೇಕಾದರೆ ಎಲ್ಲಿಯೋ ಲೋಪವಾಗಿದೆ. ಯಾವ ಯೋಧನನ್ನು ಪೆಟ್ಟಿಗೆಯ ಮೇಲೆ ವೀರನಂತೆ ನಿಲ್ಲಿಸಲಾಗಿದೆಯೋ, ಯಾವನ ಕವಚಕ್ಕೆ ಹುಡುಗನು ರಾತ್ರಿಯಿಡೀ ಬಣ್ಣ ಹಚ್ಚುತ್ತಾನೋ, ಅವನನ್ನು ಅಣಕದ ಪಾತ್ರವೆಂದು ಆ ಹುಡುಗ ನೆನಪಿಟ್ಟುಕೊಳ್ಳುವನೇ?

ಕತ್ತಲೆಯ ದೇವತೆಗಳಿಂದ ಅಪಾಯ ಕಡಿಮೆ. ಅವರ ದುರ್ಗುಣ ಅವರ ಹಣೆಯ ಮೇಲೆಯೇ ಬರೆದಿದೆ. ಖೋರ್ನ್‌ನನ್ನು ಕಂಡು ‘ಇದು ಕ್ರೋಧ’ ಎಂದು ಮಗುವೂ ಹೇಳೀತು. ಕ್ರೋಧವು ಬಿಳಿಯ ಬಟ್ಟೆಯುಟ್ಟು, ಧರ್ಮಧ್ವಜ ಹಿಡಿದು, ‘ನಾನು ಕ್ರೋಧದ ವೈರಿ’ ಎಂದು ಘೋಷಿಸುತ್ತ ಬಂದಾಗ ಗುರುತಿಸುವುದೇ ಕಷ್ಟ. ಈ ಕಷ್ಟ ಆಟದ ಮೇಜಿಗೆ ಸೀಮಿತವಲ್ಲ. ಊರಿನ ಜಗಳಗಳಲ್ಲಿ, ಸಂಸ್ಥೆಗಳ ಒಳಗಲಹಗಳಲ್ಲಿ, ಪಂಥಪಂಥಗಳ ವಾದಗಳಲ್ಲಿ ಧರ್ಮರಕ್ಷಣೆಯ ಹೆಸರಿನಲ್ಲಿ ನಡೆಯುವ ಕೋಪತಾಪಗಳನ್ನು ಯಾರೂ ಪೈಶಾಚಿಕವೆನ್ನುವುದಿಲ್ಲ. ಮಕ್ಕಳ ಪೆಟ್ಟಿಗೆಯ ಮೇಲಿನ ಕೊಂಬು ಮಾತ್ರ ಕಣ್ಣಿಗೆ ಬೀಳುತ್ತದೆ!

ಆದ್ದರಿಂದ ಮಂದಿರದ ಪಾಠಶಾಲೆಗಳನ್ನು ನಡೆಸುವ ಟ್ರಸ್ಟುಗಳಾಗಲಿ, ಮನೆಯ ಹಿರಿಯರಾಗಲಿ ನಿಷೇಧದ ಫಲಕ ಬರೆಸುವ ಮೊದಲು ಮಕ್ಕಳೊಡನೆ ಕುಳಿತು ಮೂರು ಪ್ರಶ್ನೆ ಕೇಳುವುದು ಲೇಸು. ಈ ದೇವತೆ ಯಾವ ಗುಣದಿಂದ ಹುಟ್ಟಿತು? ಅದನ್ನು ಎದುರಿಸುವವನು ಅದೇ ಗುಣವನ್ನು ಧರಿಸಿದ್ದಾನೆಯೇ? ಬಿದ್ದವನಿಗೆ ಏಳಲು ಈ ಕಥೆಯಲ್ಲಿ ಸ್ಥಳವಿದೆಯೇ? ಮೊದಲನೆಯ ಪ್ರಶ್ನೆಗೆ ಆಟವು ಒಳ್ಳೆಯ ಉತ್ತರವನ್ನೇ ಕೊಡುತ್ತದೆ. ಎರಡನೆಯದಕ್ಕೆ ತಡವರಿಸುತ್ತದೆ. ಮೂರನೆಯದಕ್ಕೆ ಅದರ ಬಳಿ ಉತ್ತರವಿಲ್ಲ. ಆ ಉತ್ತರವನ್ನು ಮನೆಯೇ ಕೊಡಬೇಕು. ಹಾಗೆ ಕೊಡಬೇಕಾದರೆ, ತಪ್ಪು ಮಾಡಿ ತಲೆತಗ್ಗಿಸಿ ಬಂದ ಮಗನಿಗೆ ಆ ಮನೆಯ ಬಾಗಿಲು ಮೊದಲು ತೆರೆದಿರಬೇಕು.