ಕುರ್ಚಿ ಯಾಕೆ ಖಾಲಿ ಅಂತ ಮೊದಲು ಕೇಳಿ

1/9

ಊರಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಪೋಸ್ಟರ್ ನೋಡಿದ್ದೀರಲ್ಲ? ಮೇಲೆ ದೊಡ್ಡ ಟ್ರೋಫಿ, ಅದರ ಪಕ್ಕ ಬಹುಮಾನದ ಮೊತ್ತ, ದಾನಿಗಳ ಫೋಟೋ. ಕೆಳಗಡೆ ಸಣ್ಣ ಅಕ್ಷರದಲ್ಲಿ: ‘ಒಂದೇ ಪಂಚಾಯಿತಿಯ ಆಟಗಾರರು ಮಾತ್ರ. ಆಧಾರ್ ಕಾರ್ಡ್ ಕಡ್ಡಾಯ. ಕಮಿಟಿಯ ತೀರ್ಮಾನವೇ ಅಂತಿಮ.’

ಗಲಾಟೆ ಶುರುವಾಗೋದು ಯಾವಾಗಲೂ ಆ ಸಣ್ಣ ಅಕ್ಷರದಿಂದಲೇ.

ಇ-ಸ್ಪೋರ್ಟ್ಸ್ ಕಥೆಯೂ ಅದೇ. ಸ್ಟೇಡಿಯಂ ತುಂಬುತ್ತೆ, ಬಹುಮಾನ ಕೋಟಿ ದಾಟುತ್ತೆ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಪದಕವನ್ನೂ ಕೊಟ್ಟರು. ಆದರೆ ಟೀಮಿನಲ್ಲಿ ಯಾರು ಆಡಬಹುದು, ಒಬ್ಬ ಬರದಿದ್ದರೆ ಅವನ ಜಾಗಕ್ಕೆ ಯಾರು ಬರಬಹುದು ಅನ್ನೋ ವಿಷಯಕ್ಕೆ ಬಂದರೆ ಎಷ್ಟೋ ಟೂರ್ನಿಗಳು ಇನ್ನೂ ‘ಕಮಿಟಿಯ ತೀರ್ಮಾನವೇ ಅಂತಿಮ’ ಅನ್ನೋ ಕಾಲದಲ್ಲೇ ಇವೆ.

ನನ್ನ ವಾದ ಒಂದೇ. ಕುರ್ಚಿ ಖಾಲಿ ಇದೆ ಅಂತ ಟೀಮಿಗೆ ಶಿಕ್ಷೆ ಕೊಡೋ ಮೊದಲು, ಯಾಕೆ ಖಾಲಿ ಅಂತ ಕೇಳೋ ನಿಯಮ ಬೇಕು. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

2/9

ಮೊದಲು ನನ್ನ ಕಥೆ ಹೇಳಿಬಿಡ್ತೀನಿ.

ನಾವು ನಾಲ್ಕು ಜನ ಬಿಜಿಎಂಐ ಆಡ್ತಿದ್ವಿ. ಒಂದು ಆನ್‌ಲೈನ್ ಕ್ವಾಲಿಫೈಯರ್. ಮೊದಲ ದಿನ ಚೆನ್ನಾಗಿ ಆಡಿದ್ವಿ. ಎರಡನೇ ದಿನ ಬೆಳಿಗ್ಗೆ ನಮ್ಮ ಟೀಮಿನವನೊಬ್ಬನ ಅಜ್ಜಿ ತೀರಿಕೊಂಡರು. ಅವನು ಊರಿಗೆ ಹೋದ. ಐದನೆಯವನ ಹೆಸರು ನಾವು ಕೊಟ್ಟಿರಲಿಲ್ಲ, ಯಾಕಂದ್ರೆ ನಮಗೆ ಐದನೆಯವನೇ ಇರಲಿಲ್ಲ. ಅಡ್ಮಿನ್‌ಗೆ ಮೆಸೇಜ್ ಹಾಕಿದೆ: ‘ಸಾವಾಗಿದೆ ಸರ್, ನಮ್ಮದೇ ಕಾಲೇಜಿನ ಇನ್ನೊಬ್ಬ ಇದ್ದಾನೆ, ಇವತ್ತೊಂದು ದಿನ ಆಡಿಸಬಹುದಾ?’ ಉತ್ತರ ಒಂದೇ ಸಾಲು: ‘ರೋಸ್ಟರ್ ಲಾಕ್ ಆಗಿದೆ ಬ್ರೋ.’

ನಾಲ್ವರ ಎದುರು ಮೂವರು ಆಡಿದ್ವಿ. ಏನಾಗಿರುತ್ತೆ ಅಂತ ನಿಮಗೆ ಗೊತ್ತು.

ಈಗ ಕಥೆಯ ಇನ್ನರ್ಧ. ಮುಂದಿನ ಟೂರ್ನಿಯಲ್ಲಿ ಇನ್ನೊಬ್ಬನಿಗೆ ಜ್ವರ ಬಂತು. ಈ ಸಲ ನಾವು ಕೇಳೋಕೇ ಹೋಗಲಿಲ್ಲ. ಅವನ ಐಡಿಯಲ್ಲಿ ನನ್ನ ಚಿಕ್ಕಪ್ಪನ ಮಗನನ್ನು ಕೂರಿಸಿದ್ವಿ. ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಸುತ್ತಿಗೂ ಹೋದ್ವಿ. ಆ ಜಾಗ ನಿಯಮ ಪಾಲಿಸಿದ ಬೇರೆ ನಾಲ್ಕು ಹುಡುಗರದ್ದಾಗಿತ್ತು. ಅದು ತಪ್ಪು, ಮೋಸ. ಒಂದೇ ಪಾಯಿಂಟ್‌ನಲ್ಲಿ ಹೊರಗೆ ಹೋದ ಆ ಟೀಮಿನ ಹೆಸರು ಇವತ್ತಿಗೂ ನನಗೆ ನೆನಪಿದೆ.

ನೇರವಾಗಿ ಕೇಳಿದಾಗ ಬಾಗಿಲು ಹಾಕಿದರು. ಕದ್ದು ನುಗ್ಗಿದಾಗ ಯಾರೂ ನೋಡಲಿಲ್ಲ. ಹಾಗಿದ್ರೆ ಆ ನಿಯಮ ಕಾದಿದ್ದು ಯಾರನ್ನ?

3/9

ಹಾಗಂತ ರೋಸ್ಟರ್ ಲಾಕ್ ಬೇಡ ಅಂತ ನಾನು ಹೇಳ್ತಿಲ್ಲ. ಲಾಕ್ ಇಲ್ಲದಿದ್ದರೆ ಏನಾಗುತ್ತೆ ಅಂತ ಊರಿನ ಟೂರ್ನಿಯಲ್ಲೇ ನೋಡಿದ್ದೀವಿ. ಲೀಗ್ ಮ್ಯಾಚ್ ಆಡೋದು ಊರಿನ ಹುಡುಗರು. ಫೈನಲ್ ದಿನ ಬೈಕಲ್ಲಿ ಬಂದಿಳಿಯೋದು ಬೇರೆ ಜಿಲ್ಲೆಯ ‘ಗೆಸ್ಟ್’ ಬೌಲರ್. ದುಡ್ಡಿದ್ದವರು ಕೊನೇ ಗಳಿಗೆಯಲ್ಲಿ ಗೆಲುವನ್ನೇ ಕೊಂಡುಕೊಳ್ತಾರೆ.

ಕೌಂಟರ್-ಸ್ಟ್ರೈಕ್‌ನ ಮೇಜರ್ ಟೂರ್ನಿಗಳಿಗೆ ವಾಲ್ವ್ ಕಂಪನಿ ಒಂದು ಒಳ್ಳೆ ಸೂತ್ರ ಇಟ್ಟಿತ್ತು: ಐವರಲ್ಲಿ ಮೂವರಾದರೂ ಒಟ್ಟಿಗೆ ಉಳಿದರೆ ಮಾತ್ರ ಗಳಿಸಿದ ಸ್ಥಾನ ಉಳಿಯುತ್ತೆ. ಅಂದರೆ ಸ್ಥಾನ ಜೆರ್ಸಿಯದ್ದಲ್ಲ, ಆಡಿ ಗೆದ್ದವರದ್ದು. ಮಾಲೀಕ ಎಲ್ಲರನ್ನೂ ಮನೆಗೆ ಕಳಿಸಿ ಹೊಸಬರನ್ನು ಕೂರಿಸಿದರೆ ಸ್ಥಾನ ಅವನ ಜೇಬಲ್ಲಿ ಇರಲ್ಲ. ಇದಕ್ಕೆ ನನ್ನ ಪೂರ್ತಿ ಬೆಂಬಲ.

ಮನೆಗೆ ಬೀಗ ಹಾಕೋದು ಸರಿ. ಒಳಗೆ ಬೆಂಕಿ ಬಿದ್ದಾಗಲೂ ತೆಗೆಯಲ್ಲ ಅನ್ನೋದು ತಪ್ಪು. ಖಾಲಿ ಕುರ್ಚಿಯಲ್ಲಿ ಮೂರು ಥರ ಇದೆ. ಒಂದೊಂದಾಗಿ ನೋಡೋಣ.

4/9 ಬಿಟ್ಟು ಹೋದವನ ಕುರ್ಚಿ

ಡೋಟಾ 2 ಆಡುವವರಿಗೆ ಓಜಿ ಟೀಮಿನ ಕಥೆ ಬಾಯಿಪಾಠ. 2018ರ ಮೇ ಕೊನೆ. ವರ್ಷದ ದೊಡ್ಡ ಟೂರ್ನಿ ‘ದಿ ಇಂಟರ್‌ನ್ಯಾಷನಲ್’ ಹತ್ತಿರ ಬರ್ತಿದೆ. ಓಜಿಯ ಇಬ್ಬರು ಆಟಗಾರರು, ಫ್ಲೈ ಮತ್ತು ಎಸ್4, ಟೀಮು ಬಿಟ್ಟು ಇವಿಲ್ ಜೀನಿಯಸಸ್ ಸೇರಿದರು. ರೋಸ್ಟರ್ ಲಾಕ್ ಆದ ಮೇಲಿನ ಬದಲಾವಣೆ. ಹಾಗಾಗಿ ನೇರ ಆಹ್ವಾನದ ದಾರಿ ಎರಡೂ ಟೀಮಿಗೆ ಬಂದ್. ಯಾರು ಬೇಕಾದರೂ ಹೆಸರು ಕೊಡಬಹುದಾದ ಓಪನ್ ಕ್ವಾಲಿಫೈಯರ್‌ನಿಂದ ಮೇಲೆ ಬರಬೇಕಾಯ್ತು.

ಓಜಿಯಲ್ಲಿ ಉಳಿದವರು ನೋಟೇಲ್, ಜೆರಾಕ್ಸ್, ಮತ್ತು ಕೋಚ್ ಆಗಿದ್ದು ಆಟಗಾರನಾಗಿ ಇಳಿದಿದ್ದ ಸೆಬ್. ಆನಾ ವಾಪಸ್ ಬಂದ, ಟಾಪ್ಸನ್ ಹೊಸದಾಗಿ ಸೇರಿದ. ಇವರು ತಳದಿಂದ ಹತ್ತಿ, ವ್ಯಾಂಕೂವರ್‌ನಲ್ಲಿ ತಮ್ಮನ್ನು ಬಿಟ್ಟು ಹೋದವರ ಟೀಮನ್ನೂ ಸೋಲಿಸಿ, ಫೈನಲ್‌ನಲ್ಲಿ ಪಿಎಸ್‌ಜಿ.ಎಲ್‌ಜಿಡಿ ವಿರುದ್ಧ 3-2ರಿಂದ ಗೆದ್ದರು. ಬಹುಮಾನ 1.1 ಕೋಟಿ ಡಾಲರ್‌ಗೂ ಹೆಚ್ಚು. 2019ರಲ್ಲಿ ಶಾಂಘೈನಲ್ಲಿ ಮತ್ತೆ ಗೆದ್ದರು.

‘ನೋಡಿ, ನಿಯಮ ಎಷ್ಟೇ ಕಠಿಣ ಇದ್ದರೂ ಗೆಲ್ಲುವವರು ಗೆಲ್ತಾರೆ’ ಅಂತ ಈ ಕಥೆಯನ್ನೇ ತೋರಿಸ್ತಾರೆ. ನಾನು ಅದನ್ನು ಒಪ್ಪಲ್ಲ. ಹರಿಯೋ ಹೊಳೆಗೆ ತಳ್ಳಿದವರಲ್ಲಿ ಒಬ್ಬ ಈಜಿ ದಡ ಸೇರಿದ ಅಂದ್ರೆ ತಳ್ಳಿದ್ದು ಸರಿ ಅಂತಾಗಲ್ಲ.

ಬಿಟ್ಟು ಹೋದವರು, ಅವರನ್ನು ಸೇರಿಸಿಕೊಂಡವರು ಬದಲಾವಣೆಯನ್ನು ಆರಿಸಿಕೊಂಡವರು. ಅವರು ಬೆಲೆ ಕಟ್ಟಲಿ, ನ್ಯಾಯ. ಉಳಿದವರು ಏನನ್ನು ಆರಿಸಿಕೊಂಡಿದ್ದರು? ಸುಮ್ಮನೆ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಬಿಟ್ಟವರಿಗೂ ಬಿಡಿಸಿಕೊಂಡವರಿಗೂ ನಿಯಮ ಒಂದೇ ದಂಡ ಹಾಕಿತು.

ಇದರ ಇನ್ನೊಂದು ಮುಖ ಔಯಿ_2000. 2015ರ ಆಗಸ್ಟ್‌ನಲ್ಲಿ ಇವಿಲ್ ಜೀನಿಯಸಸ್ ಜೊತೆ ಸಿಯಾಟಲ್‌ನಲ್ಲಿ ಇದೇ ಟೂರ್ನಿ ಗೆದ್ದ. ಕೆಲವೇ ದಿನಗಳಲ್ಲಿ ಅವನನ್ನೇ ಟೀಮಿನಿಂದ ಕೈಬಿಟ್ಟರು. ಯಾವ ನಿಯಮವನ್ನೂ ಮುರಿಯಲಿಲ್ಲ, ನಿಜ. ಪ್ರಶ್ನೆ ಇರೋದೇ ಅಲ್ಲಿ.

5/9 ಬರಲಾಗದವನ ಕುರ್ಚಿ

2016, ಅಮೆರಿಕದ ಕೊಲಂಬಸ್‌ನಲ್ಲಿ ಕೌಂಟರ್-ಸ್ಟ್ರೈಕ್ ಮೇಜರ್. ಸ್ವೀಡನ್ನಿನ ನಿಂಜಾಸ್ ಇನ್ ಪೈಜಾಮಾಸ್ ಟೀಮಿನ ಪೈತ್‌ಗೆ ವೀಸಾ ತೊಂದರೆ. ಅವನ ಜಾಗದಲ್ಲಿ ಆಡೋಕೆ ಕೂತಿದ್ದು ಟೀಮಿನ ಕೋಚ್ ಥ್ರೆಟ್. ಆದರೂ ಕ್ವಾರ್ಟರ್ ಫೈನಲ್ ಮುಟ್ಟಿದರು. ಸ್ವೀಡನ್ ಪಾಸ್‌ಪೋರ್ಟ್ ಇದ್ದವನ ಪಾಡೇ ಹೀಗಾದರೆ, ನಮ್ಮ ಹುಬ್ಬಳ್ಳಿಯ ಹುಡುಗ ವೀಸಾ ಕಚೇರಿ ಮುಂದೆ ಫೈಲ್ ಹಿಡಿದು ನಿಂತಾಗ ಏನಾಗಬಹುದು ಅಂತ ನೀವೇ ಯೋಚಿಸಿ.

2020 ಮತ್ತು 2021ರಲ್ಲಿ ವಿಯೆಟ್ನಾಂ ಟೀಮುಗಳು ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗೋಕೇ ಆಗಲಿಲ್ಲ. ಕೊರೋನಾ ಕಾಲದ ಪ್ರಯಾಣ ನಿರ್ಬಂಧ. ಅಲ್ಲಿ ಒಂದು ಕುರ್ಚಿಯಲ್ಲ, ಇಡೀ ಬೆಂಚೇ ಖಾಲಿ. ಹುಡುಗರ ತಪ್ಪು ಏನೂ ಇರಲಿಲ್ಲ.

ಈಗ ಒಳ್ಳೆ ಉದಾಹರಣೆ. 2022ರ ಫೆಬ್ರವರಿ, ಪೋಲೆಂಡಿನ ಕಟೊವೀಸ್. ಫೇಜ್ ಟೀಮಿಗೆ ಕೋವಿಡ್ ಕಾಟ. ಬದಲಿಯಾಗಿ ಬಂದವನು ಆಸ್ಟ್ರೇಲಿಯಾದ ಜೆಕೆಎಸ್. ಆಡಿದ, ಟೀಮು ಫೈನಲ್‌ನಲ್ಲಿ ಜಿ2 ವಿರುದ್ಧ 3-0ರಿಂದ ಗೆದ್ದಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ನೋಡುವವರಿಗೆ ಪೂರ್ತಿ ಮ್ಯಾಚ್ ಸಿಕ್ಕಿತು, ಎದುರಾಳಿಗೆ ಐವರ ಎದುರು ಐವರು ಸಿಕ್ಕರು.

ಎದುರಾಳಿಗೂ ಬೇಕಾಗಿರೋದು ಅದೇ ಅಲ್ವಾ? ಮೂವರನ್ನು ಸೋಲಿಸಿದ ನಾಲ್ವರಿಗೆ ಆ ಗೆಲುವು ಹೇಗನ್ನಿಸುತ್ತೆ ಅಂತ ಯಾರಾದರೂ ಕೇಳಿದ್ದೀರಾ?

6/9 ಕದ್ದವನ ಕುರ್ಚಿ

2018ರ ಅಕ್ಟೋಬರ್, ಶಾಂಘೈ. ಆಪ್ಟಿಕ್ ಇಂಡಿಯಾ ಟೀಮು ಆಡ್ತಿದೆ. ‘ಫಾರ್ಸೇಕನ್’ ಹೆಸರಲ್ಲಿ ಆಡ್ತಿದ್ದವನ ಕಂಪ್ಯೂಟರ್‌ನಲ್ಲಿ ಚೀಟ್ ಸಿಕ್ಕಿತು. ಪಂದ್ಯದ ನಡುವೆಯೇ. ಟೀಮು ಅನರ್ಹ. ಸಂಸ್ಥೆ ಭಾರತದ ಟೀಮನ್ನೇ ಮುಚ್ಚಿತು. ಅವನಿಗೆ ಐದು ವರ್ಷ ನಿಷೇಧ.

ಮಿಕ್ಕ ನಾಲ್ವರಿಗೆ ನಿಷೇಧ ಬೀಳಲಿಲ್ಲ. ಆದರೆ ಕೆಲಸ ಹೋಯ್ತು.

ಇಲ್ಲಿ ನಾನು ಕಠಿಣ. ಆ ಟೂರ್ನಿಯಿಂದ ಟೀಮನ್ನು ಹೊರಹಾಕಿದ್ದು ಸರಿಯೇ. ಚೀಟ್ ಇಟ್ಟುಕೊಂಡು ಗೆದ್ದ ಪಾಯಿಂಟನ್ನು ಯಾರೂ ಬೇರೆ ಮಾಡಿ ತೆಗೆಯೋಕೆ ಆಗಲ್ಲ, ಬದಲಿ ಆಟಗಾರನನ್ನು ಕೂರಿಸಿ ಮುಂದುವರಿಸೋದು ಎದುರಾಳಿಗೆ ಅನ್ಯಾಯ. ಕದ್ದವನ ಕುರ್ಚಿಗೆ ಬದಲಿ ಕೊಡಬಾರದು. ಆದರೆ ಮುಂದಿನ ಟೂರ್ನಿಗೆ ಆ ನಾಲ್ವರ ಬೆನ್ನಿಗೆ ಅವನ ಪಾಪ ಕಟ್ಟಬಾರದು.

ಗಮನಿಸಿ: ಅಜ್ಜಿ ತೀರಿಕೊಂಡ ಹುಡುಗನಿಗೂ ಚೀಟ್ ಹಾಕಿದವನಿಗೂ ‘ಬದಲಿ ಇಲ್ಲ’ ಅನ್ನೋ ಒಂದೇ ಉತ್ತರ ಕೊಡೋ ನಿಯಮವನ್ನು ನೀವು ನ್ಯಾಯ ಅಂತೀರಾ?

7/9

‘ಮೊದಲೇ ಐದನೆಯವನ, ಆರನೆಯವನ ಹೆಸರು ಕೊಡಬೇಕಿತ್ತು, ನಿಮ್ಮ ತಪ್ಪು’ ಅಂತೀರಿ. ಮಾತು ಸರಿ. ಆದರೆ ಬೆಂಚಿಗೆ ದುಡ್ಡು ಬೇಕು.

2016ರ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್ ನೆನಪಿದೆಯಾ? ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಕೊರಿಯಾದ ಎಸ್‌ಕೆಟಿ, ರಾಕ್ಸ್ ಟೈಗರ್ಸ್ ಎದುರು 1-2ರಲ್ಲಿ ಹಿಂದೆ. ಬ್ಲ್ಯಾಂಕ್‌ನನ್ನು ಕೂರಿಸಿ ಬೆಂಗಿಯನ್ನು ಇಳಿಸಿದರು. 3-2 ಗೆದ್ದರು, ಆಮೇಲೆ ಕಪ್ ಕೂಡ ಎತ್ತಿದರು. ಎಲ್ಲವೂ ನಿಯಮದೊಳಗೇ. ಮೊದಲೇ ಹೆಸರು ಕೊಟ್ಟ ಆರನೇ ಆಟಗಾರ, ಎಲ್ಲರಿಗೂ ಗೊತ್ತಿದ್ದ ಆರನೇ ಆಟಗಾರ.

ಸಂಬಳ ಕೊಟ್ಟು ವಿಶ್ವ ಚಾಂಪಿಯನ್ನನ್ನೇ ಬೆಂಚಿನಲ್ಲಿ ಕೂರಿಸಬಲ್ಲ ಟೀಮಿಗೂ, ಒಂದೇ ರೂಮಿನಲ್ಲಿ ಒಂದೇ ವೈಫೈ ಹಂಚಿಕೊಂಡು ಆಡೋ ನಾಲ್ವರಿಗೂ ‘ಬೆಂಚ್ ನಿಮ್ಮ ಜವಾಬ್ದಾರಿ’ ಅಂತ ಹೇಳೋದು ಕಾಗದದ ಮೇಲೆ ಸಮ. ನೆಲದ ಮೇಲೆ ಅಲ್ಲ.

8/9

ಈಗ ನಿಮ್ಮ ದೊಡ್ಡ ಆಕ್ಷೇಪ. ‘ವಿನಾಯಿತಿ ಕೊಟ್ಟರೆ ಎಲ್ಲರೂ ಡಾಕ್ಟರ್ ಚೀಟಿ ತರ್ತಾರೆ. ಎಲ್ಲರ ಅಜ್ಜಿಯೂ ಫೈನಲ್ ದಿನವೇ ಸಾಯ್ತಾರೆ.’

ಕ್ರಿಕೆಟ್‌ಗೂ ಇದೇ ಭಯ ಇತ್ತು. 2019ರ ಆಗಸ್ಟ್‌ನಿಂದ ತಲೆಗೆ ಪೆಟ್ಟು ಬಿದ್ದರೆ ಬದಲಿ ಆಟಗಾರ ಬರಬಹುದು ಅಂತ ಐಸಿಸಿ ನಿಯಮ ತಂತು. 2020ರ ಡಿಸೆಂಬರ್, ಕ್ಯಾನ್‌ಬೆರಾ: ಜಡೇಜಾ ಹೆಲ್ಮೆಟ್‌ಗೆ ಬಾಲ್ ಬಡಿಯಿತು, ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ತೆಗೆದು ಪಂದ್ಯಶ್ರೇಷ್ಠನಾದ. ಆಸ್ಟ್ರೇಲಿಯಾ ಕೋಚ್ ಸಿಟ್ಟಾದರು. 2025ರ ಜನವರಿ, ಪುಣೆ: ಶಿವಂ ದುಬೆ ಬದಲಿಗೆ ವೇಗಿ ಹರ್ಷಿತ್ ರಾಣಾ ಬಂದಾಗ ‘ಇದ್ಯಾವ ಸಮಾನ ಬದಲಿ’ ಅಂತ ಇಂಗ್ಲೆಂಡ್ ಕೇಳಿತು. ನನಗೂ ಹಾಗೇ ಅನ್ನಿಸಿತು.

ಆದರೂ ನಿಯಮವನ್ನು ಯಾರೂ ಕಿತ್ತು ಬಿಸಾಡಲಿಲ್ಲ. ಯಾಕಂದ್ರೆ ತಲೆಗೆ ಪೆಟ್ಟು ಬಿದ್ದವನನ್ನು ಬಲವಂತವಾಗಿ ಆಡಿಸೋದು ಅದಕ್ಕಿಂತ ಕೆಟ್ಟದ್ದು. ಮುಖ್ಯ ಅಂದ್ರೆ ಅಲ್ಲಿ ತೀರ್ಮಾನ ಕೊಡೋದು ಮ್ಯಾಚ್ ರೆಫರಿ. ಎರಡೂ ಟೀಮಿಗೆ ಸೇರದವನು. ಕಾರಣ ಏನು ಅಂತ ಜಗತ್ತಿಗೇ ಗೊತ್ತಿರುತ್ತೆ, ಜಗಳ ಆಡೋಕೂ ಒಂದು ಆಧಾರ ಇರುತ್ತೆ.

ನಮ್ಮಲ್ಲಿ? ಆಟ ಮಾಡಿದ್ದು ಕಂಪನಿ, ನಿಯಮ ಬರೆದದ್ದು ಅದೇ ಕಂಪನಿ ಅಥವಾ ಅದು ಒಪ್ಪಿದ ಆಯೋಜಕರು, ಮೇಲ್ಮನವಿ ಕೇಳೋರೂ ಅವರೇ. ಅಂಗಡಿಯೂ ಅವರದೇ, ತಕ್ಕಡಿಯೂ ಅವರದೇ. ದೊಡ್ಡ ಟೀಮಿಗೆ ಯಾವ ಕಾರಣಕ್ಕೆ ಒಪ್ಪಿಗೆ ಕೊಟ್ಟರು, ಸಣ್ಣ ಟೀಮಿಗೆ ಯಾಕೆ ಕೊಡಲಿಲ್ಲ ಅಂತ ಎಷ್ಟೋ ಸಲ ಹೊರಗೇ ಬರಲ್ಲ.

9/9

ಸರಿ, ಬೇಕಾಗಿರೋದು ಏನು? ಐದೇ ಅಂಶ. ಸೇವ್ ಮಾಡಿಟ್ಕೊಳ್ಳಿ.

ಒಂದು: ನಿಯಮದಲ್ಲಿ ಮೂರು ಕಾರಣ ಬೇರೆ ಬೇರೆ ಬರೆಯಿರಿ. ಬಿಟ್ಟು ಹೋದದ್ದು, ಬರಲಾಗದ್ದು, ಮೋಸ. ಮೂರಕ್ಕೂ ಒಂದೇ ಕೋಲು ಬೇಡ.

ಎರಡು: ಬರಲಾಗದವನಿಗೆ ತುರ್ತು ಬದಲಿ ಕೊಡಿ. ಆದರೆ ಅದೇ ಟೂರ್ನಿಯಲ್ಲಿ ಬೇರೆ ಟೀಮಿಗೆ ಆಡಿದವನನ್ನು ತರುವಂತಿಲ್ಲ, ಮತ್ತು ಮೂಲ ಆಟಗಾರರೇ ಟೀಮಿನಲ್ಲಿ ಹೆಚ್ಚಿರಬೇಕು. ಆಗ ಫೈನಲ್ ದಿನ ‘ಗೆಸ್ಟ್’ ಬೌಲರ್ ಇಳಿಯಲ್ಲ.

ಮೂರು: ಬದಲಿ ಯಾರು, ಯಾವ ಬಗೆಯ ಕಾರಣ ಅಂತ ಪಂದ್ಯಕ್ಕೆ ಮೊದಲೇ ಎದುರಾಳಿಗೆ ತಿಳಿಸಿ. ಮನೆಯ ಸಾವು, ಕಾಯಿಲೆಯ ವಿವರ ಬಯಲು ಮಾಡಬೇಕಿಲ್ಲ. ‘ಬರಲಾಗದ ಕಾರಣ, ದಾಖಲೆ ನೋಡಿದ್ದೇವೆ’ ಅಂದರೆ ಸಾಕು.

ನಾಲ್ಕು: ಆರಿಸಿಕೊಂಡ ಬದಲಾವಣೆಯ ದಂಡ ಆರಿಸಿಕೊಂಡವರ ಹಿಂದೆ ಹೋಗಲಿ. ಬಿಟ್ಟು ಹೋದವನು, ಎಳೆದುಕೊಂಡ ಟೀಮು, ಕಾರಣವಿಲ್ಲದೆ ಕೈಬಿಟ್ಟ ಮಾಲೀಕ. ಕೂತಲ್ಲೇ ಕೂತಿದ್ದವರಿಗೆ ಬೇಡ.

ಐದು: ಮೇಲ್ಮನವಿ ಕೇಳೋಕೆ ಆಯೋಜಕರ ಸಂಬಳ ತಿನ್ನದ ಒಬ್ಬರಾದರೂ ಇರಲಿ.

ನಮ್ಮ ದೇಶದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸನ್ನು ದುಡ್ಡು ಕಟ್ಟಿ ಆಡೋ ಆಟಗಳಿಂದ ಬೇರೆ ಮಾಡಿ, ಇದು ಕ್ರೀಡೆ ಅಂತ ಒಪ್ಪಿಕೊಂಡಿದೆ. ಕ್ರೀಡೆ ಅನ್ನಿಸಿಕೊಂಡ ಮೇಲೆ ಕ್ರೀಡೆಯ ಮರ್ಯಾದೆಯೂ ಬೇಕಲ್ವಾ?

ನೀವು ಕಾಲೇಜಿನಲ್ಲೋ ಊರಲ್ಲೋ ಸಣ್ಣ ಟೂರ್ನಿ ನಡೆಸೋರಾಗಿದ್ರೆ ದೊಡ್ಡ ಕಂಪನಿಗಾಗಿ ಕಾಯಬೇಡಿ. ನಿಮ್ಮ ಮುಂದಿನ ಪೋಸ್ಟರ್‌ನ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿ: ‘ಆಟಗಾರ ಬರಲಾಗದಿದ್ದರೆ ನಮಗೆ ತಿಳಿಸಿ, ಕಾರಣ ಕೇಳ್ತೀವಿ.’ ಅಷ್ಟು ಬರೆದಿದ್ದರೆ ಅವತ್ತು ನಾವು ಮೂವರೇ ಆಡ್ತಿರಲಿಲ್ಲ. ಅದಾದ ಮೇಲೆ ಆ ನಾಲ್ಕು ಹುಡುಗರ ಜಾಗವನ್ನು ಕದಿಯೋಕೆ ನಮಗೆ ನೆಪವೂ ಇರ್ತಿರಲಿಲ್ಲ.

ಒಪ್ಪದವರು ಕಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ. ಆದರೆ ನಿಮ್ಮ ಟೀಮಿನ ಕುರ್ಚಿ ಯಾವತ್ತಾದರೂ ಖಾಲಿಯಾಗಿದ್ರೆ, ಯಾಕೆ ಅಂತಾನೂ ಬರೆಯಿರಿ.

#ಕನ್ನಡಗೇಮಿಂಗ್ #ಇಸ್ಪೋರ್ಟ್ಸ್ #ರೋಸ್ಟರ್‌ಲಾಕ್ #ಖಾಲಿಕುರ್ಚಿ