ಶಾಲೆಯಲ್ಲಿ ಇಂದ್ರಜಾಲ

ಪೀಣ್ಯದ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಲಗ್ಗೆರೆಯ ಪ್ರೌಢಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಈಚೆಗೆ ಹೋಗಿದ್ದೆನು. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಯೋಜನಾಕಾರ್ಯಕ್ಕೆ ಇಂದ್ರಜಾಲವನ್ನೇ ಆರಿಸಿಕೊಂಡು ಕೆಲವು ತಿಂಗಳು ಅಭ್ಯಾಸ ಮಾಡಿದ್ದಳು. ಅವಳು ಚಾಕುವಿನಿಂದ ನಿಂಬೆಯ ಹಣ್ಣನ್ನು ಕೊಯ್ದೊಡನೆ ಕೆಂಪು ಹನಿಗಳು ತಟ್ಟೆಗೆ ತೊಟ್ಟಿಕ್ಕಿದವು. ಮುಂದಿನ ಸಾಲಿನಲ್ಲಿದ್ದ ವೃದ್ಧೆಯೊಬ್ಬರು ಮೊಮ್ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಬಾಲಕಿಯು ಗುಟ್ಟನ್ನು ಹೇಳಲು ತೊಡಗುವಷ್ಟರಲ್ಲಿ, ವೇಳೆ ಮುಗಿಯಿತೆಂದು ಮುಂದಿನವರನ್ನು ಕರೆದರು.

ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ಗುಟ್ಟನ್ನು ಹೇಳದೆ ಮುಗಿದ ಇಂದ್ರಜಾಲವು ವಿಜ್ಞಾನ ಪ್ರದರ್ಶನವಲ್ಲ. ಅದು ಮೋಡಿಯ ಆಟ.

ಆ 'ರಕ್ತ'ದ ವಿಚಾರ ಬಹಳ ಸರಳವಾದುದು. ಕೆಂಪು ದಾಸವಾಳದ ದಳಗಳನ್ನು ಅಲಗಿಗೆ ಉಜ್ಜಿ ಒಣಗಿಸಿದರೆ ಅದರ ಕಲೆ ದೂರದವರ ಕಣ್ಣಿಗೆ ಬೀಳುವುದಿಲ್ಲ. ಹೂವಿನಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯವು ನಿಂಬೆಯ ಆಮ್ಲ ಸೋಕಿದೊಡನೆ ಕೆಂಪೇರುತ್ತದೆ. ಇದೆಲ್ಲ ಆ ಮುದುಕಿಗೆ ತಿಳಿಯುವುದೆ ಎಂದು ಕೇಳುವವರಿದ್ದಾರೆ. ಆರತಿಗಾಗಿ ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡಿದ ಕೈ ಅವರದು! ಅರಿಸಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಅದೇ ಓಕುಳಿಗೆ ನಿಂಬೆಯ ರಸವನ್ನು ಧಾರಾಳವಾಗಿ ಹಿಂಡಿದರೆ ಮರಳಿ ಹಳದಿಗೆ ತಿರುಗುತ್ತದೆ. ಬಣ್ಣ ಬದಲಾಗುವುದು ಅವರಿಗೆ ಹೊಸದಲ್ಲ. ತಮ್ಮ ಮನೆಯ ಓಕುಳಿಗೂ ಈ ರಕ್ತಕ್ಕೂ ಇರುವ ನಂಟನ್ನು ತೋರಿಸುವವರು ಬೇಕಾಗಿತ್ತು, ಅಷ್ಟೆ.

ನಿಂಬೆಯಿಂದ ರಕ್ತ ಬರಿಸಿ, ಮಾಟ ತಗುಲಿದೆಯೆಂದು ಹೆದರಿಸಿ, ಕೂಲಿಕಾರರ ಗಳಿಕೆಯನ್ನು ಕೀಳುವವರು ಉಂಟು. ಅಂಥವನು ನಾಳೆ ಆ ವೃದ್ಧೆಯ ಬಾಗಿಲಿಗೆ ಬಂದರೆ, ಶಾಲೆಯ ಸಭೆಯಲ್ಲಿ ಕಂಡ ನೋಟ ಅವನಿಗೇ ನೆರವಾಗುವುದಿಲ್ಲವೆ?

ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ಪವಾಡಗಳ ಪರಿಶೀಲನೆಗೆಂದು ಸಮಿತಿಯೊಂದನ್ನು ರಚಿಸಿದರು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿದುದೂ ಅದೇ ವರ್ಷದ 42ನೆಯ ತಿದ್ದುಪಡಿಯಿಂದ. ಪರೀಕ್ಷಿಸದೆ ಒಪ್ಪಬಾರದೆಂಬ ಆ ಹಟವನ್ನು ಹುಡುಗರು ಕಲಿಯುವುದಕ್ಕೆ ಇಂದ್ರಜಾಲಕ್ಕಿಂತ ಒಳ್ಳೆಯ ಸಾಧನ ನನಗೆ ಕಾಣದು.

ಗುಟ್ಟು ಬಯಲಾದರೆ ಜಾದೂಗಾರರ ಹೊಟ್ಟೆಪಾಡೇನು ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಇದು ಕೈಚಳಕವೆಂದು ಒಪ್ಪಿಕೊಂಡೇ ನಮ್ಮನ್ನು ರಂಜಿಸುವ ಕಲಾವಿದನ ಗುಟ್ಟು ಅವನಲ್ಲಿಯೇ ಇರಲಿ; ಶಾಲೆಯ ಹುಡುಗರು ಅದನ್ನು ಬಿಚ್ಚಬೇಕಾಗಿಲ್ಲ. ದೈವೀಶಕ್ತಿಯೆಂದು ಮಾರಲ್ಪಡುವುದನ್ನು ಮಾತ್ರ ಬಿಚ್ಚಲೇಬೇಕು. ತಿಳಿದ ಮೇಲೂ ಸೊಗಸು ಕೆಡದ ಆಟಗಳೂ ಇವೆ. 732ನ್ನು ತಿರುಗಿಸಿ 237 ಮಾಡಿ ಕಳೆಯಿರಿ, 495. ಅದನ್ನೂ ತಿರುಗಿಸಿ 594 ಕೂಡಿರಿ, 1089. ಮೊದಲ ಮತ್ತು ಕೊನೆಯ ಅಂಕಿಗಳ ಅಂತರ ಎರಡಕ್ಕೆ ಕಡಮೆಯಿಲ್ಲದ ಯಾವ ಮೂರಂಕಿಯ ಸಂಖ್ಯೆಯನ್ನು ಹಿಡಿದರೂ ಉತ್ತರ ಅದೇ. ಕಳೆದಾಗ ಬರುವುದು ಯಾವಾಗಲೂ 99ರ ಗುಣಕವೆಂದು ತಿಳಿದವನ ಸಂತೋಷ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಆಮೇಲೆ ಆ ಬಾಲಕಿಯ ಟಿಪ್ಪಣಿ ಪುಸ್ತಕವನ್ನು ನೋಡಿದೆನು. ನಿಂಬೆಯ ಬದಲು ಹುಣಿಸೆಯ ನೀರು ಹಾಕಿದಾಗ ಕೆಂಪು, ಅಡಿಗೆ ಸೋಡಾದ ನೀರಿನಲ್ಲಿ ಹಸುರು ಛಾಯೆ, ಬರಿಯ ನೀರಿನಲ್ಲಿ ಎರಡೂ ಅಲ್ಲ ಎಂದು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಳು. ನಿಜವಾದ ಪ್ರಯೋಗ ಆ ಪುಟದಲ್ಲಿತ್ತು. ಅಂಕ ಕೊಡುವವರು ಅದನ್ನು ತೆರೆದಿರಲಿಲ್ಲ.

ಉಪಾಧ್ಯಾಯರಿಗೆ ಇನ್ನೊಂದು ಮಾತು. ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಗ್ಲಿಸರಿನ್ ಹನಿಸಿ 'ಮಂತ್ರದಿಂದ' ಬೆಂಕಿ ಬರಿಸುವುದನ್ನು ಅವರೇ ದೂರ ನಿಂತು ಮಾಡಿ ತೋರಿಸಲಿ. ಅಲ್ಯೂಮಿನಿಯಂ ನಾಣ್ಯವನ್ನು ಬೂದಿಯಾಗಿಸುವ ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ. ಅದು ಮಕ್ಕಳ ಹತ್ತಿರಕ್ಕೂ ಸುಳಿಯಕೂಡದು. ದಾಸವಾಳ, ಹುಣಿಸೆ, ಅರಿಸಿನಗಳಿಂದಲೇ ಒಂದು ವರ್ಷದ ಕೆಲಸವಾಗುತ್ತದೆ. ಸುಣ್ಣ ಮಾತ್ರ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು.